ತಂಗೆವ್ವ ಹೊಡೆದ ಚೆಂಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಂಗೆವ್ವ ತಮಗಿಂತ ಎರಡು ಪಟ್ಟು ಉದ್ದದ ಬಿದಿರುಕೋಲು ಹಿಡಿದು ಹುಲ್ಲಿನ ಮೇಲಿನ ಇಬ್ಬನಿಯ ಹನಿ ಬಡಿಯುತ್ತಿದ್ದಾರೆ. ಕೋಲು ನೆಲ ಸವರಿದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತದೆ, ಅದು ಹಾದಲ್ಲೆಲ್ಲ ಹುಲ್ಲು ಬಣ್ಣ ಬದಲಿಸುತ್ತದೆ. ಹನಿ ಉದುರದ ಹುಲ್ಲಿನ ಮೇಲೆ ಕತ್ತರಿ ಯಂತ್ರ ಹಾಯಿಸಬಾರದಂತೆ. "ಹಸೀ ಕೂದಲಾ ಬಾಚಿದ್ರ ಕಿತ್ತ ಬರ್ತಾವಲ್ರಿ, ಹಂಗ" ಎನ್ನುತ್ತಾರೆ.

ನಿನ್ನೆಗೆ ನಾಗರ ಪಂಚಮಿ ಮುಗಿದಿದೆ. ಈ ಸೀಮೆಯ ಹೆಣ್ಣುಮಕ್ಕಳು ತವರಿನಲ್ಲಿ ಜೋಕಾಲಿ ಜೀಕಿ, ಉಂಡಿ ತಿಂದು ಇನ್ನೂ ಹೊದ್ದು ಮಲಗಿರುವ ಹೊತ್ತಿದು. ತಂಗೆವ್ವ ರಜೆ ಕೇಳಲೇ ಇಲ್ಲ. "ಕರಿಯಾಕ ಯಾರೂ ಬರಲಿಲ್ರಿ. ಮನ್ಯಾಗ ಕುಂತ ಏನ ಮಾಡ್ಲಿ?"

ಕಬ್ಬಿನ ನಾಡಿನಲ್ಲಿ ಗಾಲ್ಫೇ ಎಂದು ನಗಬೇಡಿ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ. ಮುಧೋಳದಿಂದ ಜಮಖಂಡಿಯತ್ತ ಹೊರಟು ಒಳದಾರಿ ಹಿಡಿದರೆ ಒಂದು ಸಕ್ಕರೆ ಕಾರ್ಖಾನೆ ಸಿಗುತ್ತದೆ. ಅದರ ಮಾಲೀಕರು ಪುಣೆಯಲ್ಲಿ ಆಟ ಕಲಿತು ಬಂದವರು. ಕಾರ್ಖಾನೆಯ ಬೆನ್ನಿಗೇ ಒಂಬತ್ತು ಕುಳಿಗಳ ಮೈದಾನ ಮಾಡಿಸಿದ್ದಾರೆ. ಸುತ್ತಲಿನವರ ಬಾಯಲ್ಲಿ ಅದು 'ಚಂಡಿನ ಹೊಲ'. ಬಿತ್ತುವುದಿಲ್ಲ, ಬೆಳೆಯುವುದಿಲ್ಲ, ನೀರು ಮಾತ್ರ ಬೇಸಿಗೆಯಲ್ಲೂ ಹರಿಯುತ್ತದೆ.

ಆ ನೀರು ಹಾಯಿಸುವವರೂ ತಂಗೆವ್ವನೇ. ಇದರಲ್ಲಿ ಒಂದು ಕ್ರೂರ ತಮಾಷೆಯಿದೆ. ಬೀಳಗಿ ತಾಲ್ಲೂಕಿನ ಒಂದೇ ಊರಿನಲ್ಲಿ ಅವರ ತವರೂ ಇತ್ತು, ಗಂಡನ ಮನೆಯೂ ಇತ್ತು. ಆಲಮಟ್ಟಿಯ ಹಿನ್ನೀರು ಏರಿದ ವರ್ಷ ಎರಡೂ ಒಟ್ಟಿಗೇ ಮುಳುಗಿದವು. ಪುನರ್ವಸತಿ ಕೇಂದ್ರದ ತಗಡಿನ ಮನೆಗೆ ಬಂದ ಮೇಲೆ ಗಂಡ ಹೆಚ್ಚು ದಿನ ಬದುಕಲಿಲ್ಲ, ಮಕ್ಕಳಿರಲಿಲ್ಲ. ತಮ್ಮ ಮುರಗೆಪ್ಪ ಬನಹಟ್ಟಿಗೆ ಹೋಗಿ ಪಾವರ್‌ಲೂಮ್ ಸೇರಿಕೊಂಡ.

"ಹೆಣ್ಣಮಗಳಿಗೆ ತವರ ಅಂದ್ರ ಒಂದ ಮನಿ, ಒಂದ ಓಣಿ, ನೀರ ಸೇದು ಬಾವಿ ಇರ್ತೈತ್ರಿ. ನನಗ ತವರ ಅಂದ್ರ ನಮ್ಮ ಮುರಗ್ಯಾ ಒಬ್ಬನ" ಎನ್ನುತ್ತಾರೆ ತಂಗೆವ್ವ. ಪ್ರತಿ ಪಂಚಮಿಗೆ ಆತ ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಬಂದು, ಬಾಗಿಲಲ್ಲಿ ನಿಂತು "ಯಕ್ಕಾ, ನಡಿ" ಎನ್ನುತ್ತಿದ್ದ. ಒಂದು ವರ್ಷವೂ ತಪ್ಪಿಸಿರಲಿಲ್ಲ. ಈ ವರ್ಷ ಬಂದಿಲ್ಲ.

ಯಾಕೆ ಬಂದಿಲ್ಲ ಎನ್ನುವುದಕ್ಕೆ ಹೋದ ಜನವರಿಗೆ ಹೋಗಬೇಕು.

ಈ ಮೈದಾನದಲ್ಲಿ ವರ್ಷಕ್ಕೊಂದು ಪಂದ್ಯಾವಳಿ ನಡೆಯುತ್ತದೆ, ಮೊದಲ ಚೆಂಡನ್ನು ಗಣ್ಯರೊಬ್ಬರು ಹೊಡೆಯುವುದು ವಾಡಿಕೆ. ಈ ಸಲ ಮೈದಾನದ ಮ್ಯಾನೇಜರ್ ಪರಮಾನಂದ ಅವರಿಗೆ ಒಳ್ಳೆಯ ಬುದ್ಧಿ ಹೊಳೆಯಿತು. ಎಲ್ಲರಿಗಿಂತ ಹಳೆಯ ಕೆಲಸದಾಕೆ ಹೊಡೆಯಲಿ ಎಂದರು. ತಂಗೆವ್ವನ ಕೆಲಸ ಕಾಯಂ ಆಗಿದೆ ಎಂದು ಅದೇ ಗಳಿಗೆಯಲ್ಲಿ ಮೈಕಿನಲ್ಲಿ ಸಾರಿಬಿಡೋಣ ಎಂದೂ ಮಾಲೀಕರನ್ನು ಒಪ್ಪಿಸಿದರು. ಅಲ್ಲಿಯತನಕ ಹುಲ್ಲಿನಲ್ಲಿ ಚೆಂಡು ಹುಡುಕಿ ಕೊಡುತ್ತಿದ್ದ ಕೈಗೆ ಆಟದ ಕೋಲು ಬಂತು.

ಪಂದ್ಯಾವಳಿಯ ಪ್ರಾಯೋಜಕರು ಹೊರಗಿನ ಒಂದು ಪೈಪ್ ಕಂಪನಿಯವರು. ಅವರದೊಂದು ಕಟ್ಟಪ್ಪಣೆಯಿತ್ತು. ಮೊದಲ ಚೆಂಡು ಹೊಡೆಯುವ ಗಳಿಗೆ ಗೌರವದ ಗಳಿಗೆ, ಆಗ ಮೈದಾನದಲ್ಲಿ ಬೇರೆ ಯಾರ ಹೆಸರೂ ಕಾಣಬಾರದು. ಗೌರವ ಕಾಯಲು ತಮ್ಮ ಹೆಸರಿನ ಬ್ಯಾನರನ್ನು ಮನೆಯ ಗೋಡೆಯಷ್ಟು ಅಗಲ ಕಟ್ಟಿಸಿದ್ದರು. ತಂಗೆವ್ವನ ಸೆರಗಿನ ಮೇಲೂ ಕಂಪನಿಯ ಟೊಪ್ಪಿಗೆ ಕೂರಿಸಿದರು. "ಸೆರಗ ಜಾರೂದು, ಟೊಪ್ಪಿಗಿ ಜಾರೂದು. ಯಾವದ ಹಿಡೀಲಿ ತಿಳೀಲಿಲ್ರಿ."

ಅಕ್ಕನಿಗೆ ಸಭೆಯಲ್ಲಿ ಮಾನ ಸಿಗುತ್ತದೆ ಎಂದ ಮೇಲೆ ತವರು ಬರಿಗೈಲಿ ಬರುತ್ತದೆಯೇ? ಮುರಗೆಪ್ಪ ಆಯೇರಿ ತಂದಿದ್ದ, ತವರಿನ ಉಡುಗೊರೆಯಾಗಿ ತಾನೇ ನೇಯ್ದ ಸೀರೆ. ನಮ್ಮ ಕಡೆ ಆಯೇರಿಯನ್ನು ಮುಚ್ಚಿ ಕೊಡುವ ಪದ್ಧತಿಯಿಲ್ಲ. ಬಿಚ್ಚಿ ನಾಲ್ಕು ಮಂದಿಗೆ ತೋರಿಸಬೇಕು, ಕೊಟ್ಟವರ ಹೆಸರು ಕೂಗಬೇಕು. ಮುಚ್ಚಿ ಕೊಟ್ಟರೆ ತವರಿಗೇ ಅವಮಾನ.

ತಂಗೆವ್ವ ಕೋಲೆತ್ತುವ ಮೊದಲು ಆತ ಹಗ್ಗ ದಾಟಿ ಹುಲ್ಲಿಗೆ ಬಂದ. ಸೀರೆಯ ಡಬ್ಬಿಯನ್ನು ಒಂದು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಸೀರೆ ಬಿಚ್ಚಿದ. "ಬನಹಟ್ಟಿ ಮುರಗೆಪ್ಪನ ಆಯೇರಿ! ನಮ್ಮಕ್ಕ ತಂಗೆವ್ವಗ!" ಎಂದು ಕೂಗಿದ. ಗಾಳಿಗೆ ಸೀರೆ ಉಬ್ಬಿ ಪೈಪ್ ಕಂಪನಿಯ ಹೆಸರನ್ನು ಪೂರಾ ಮುಚ್ಚಿತು. ಡಬ್ಬಿಯ ಮೇಲೆ ಬನಹಟ್ಟಿಯ ಸೀರೆ ಅಂಗಡಿಯೊಂದರ ಹೆಸರು ಕೆಂಪಕ್ಷರದಲ್ಲಿತ್ತು. ಕ್ಯಾಮೆರಾಗಳು ಬಿಡಲಿಲ್ಲ.

ಆಮೇಲೆ ಎಲ್ಲವೂ ಗಡಿಬಿಡಿಯಲ್ಲಿ ಆಗಿಹೋಯಿತು. ಕಾವಲುಗಾರರು ಮುರಗೆಪ್ಪನ ರಟ್ಟೆ ಹಿಡಿದು ಎಳೆದರು. ಪೈಪ್ ಕಂಪನಿಯ ಸಾಹೇಬರು ಕೆಂಡವಾಗಿ ತಂಗೆವ್ವನ ಎದುರು ಬಂದು, "ಯಾರವನು? ನಿನ್ನ ಕಡೆಯವನಾ?" ಎಂದು ಕೇಳಿದರು. ಕಾಯಂ ಆಗುವ ಕೆಲಸ, ಎದುರಿಗೆ ಮಾಲೀಕರು, ತಲೆಯ ಮೇಲೆ ಟೊಪ್ಪಿಗೆ. ತಂಗೆವ್ವನ ಬಾಯಿಂದ ಒಂದೇ ಮಾತು ಬಂತು.

"ಗೊತ್ತಿಲ್ರಿ."

ಇದನ್ನು ನನಗೆ ಹೇಳುವಾಗ ಅವರು ಬಿದಿರುಕೋಲನ್ನು ನೆಲಕ್ಕೆ ಊರಿ ನಿಂತರು. "ನಾಲಿಗಿ ಹ್ಯಾಂಗ ಹೊಳ್ಳಿತೋ! ಒಡಹುಟ್ಟಿದಾಂವನ ಗೊತ್ತಿಲ್ಲಂದ್ನಿ. ನೀರು ಬರೇ ಮನಿ ಒಯ್ದಿತ್ರಿ. ಉಳದ ತವರು ನಾನ ಕಳಕೊಂಡ್ನಿ." ಮತ್ತೆ ಹೇಳಿದರು: "ಆದ್ರ ಅವಗ ಕೇಳಿರಲಿಕ್ಕಿಲ್ರಿ. ಅಷ್ಟೊತ್ತಿಗೆ ಅವನ್ನ ಗೇಟಿನ ಹೊರಗ ಒಯ್ದಿದ್ರು. ಮೈಕ್ ಬ್ಯಾರೆ ಒದರಾಕತ್ತಿತ್ತು."

ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂತು. ತುಂಬಾ ಸೀರೆ, ಮೇಲೆ ಡಬ್ಬಿ, ಕೆಳಗೆ ತಂಗೆವ್ವನ ಪಾದ ಮಾತ್ರ. ಬದುಕಿನಲ್ಲಿ ಒಂದೇ ಸಲ ಪತ್ರಿಕೆಗೆ ಬಂದವರ ಮುಖವೇ ಇಲ್ಲ. ಗೌರವದ ಗಳಿಗೆಯನ್ನು ಜಾಹೀರಾತಿಗೆ ಬಳಸಿಕೊಂಡರೆಂದು ಪೈಪ್ ಕಂಪನಿ ಕೂಗಾಡಿತು. ಗೋಡೆಯಷ್ಟು ಬ್ಯಾನರ್ ಶಿಷ್ಟಾಚಾರವಂತೆ, ಮೊಳದಷ್ಟು ಡಬ್ಬಿ ಅಪಚಾರವಂತೆ! ನನಗೆ ಈ ನ್ಯಾಯ ಇವತ್ತಿಗೂ ಅರಗಿಲ್ಲ. ಅಕ್ಕ ತಮ್ಮ ಸೇರಿ ಅಂಗಡಿಯವರಿಂದ ದುಡ್ಡು ತಿಂದಿದ್ದಾರೆ ಎಂದು ಚಹಾದಂಗಡಿಗಳಲ್ಲಿ ಮಾತಾಯಿತು.

ಕಂಪನಿ ಕೈಬಿಟ್ಟಿತು, ಮುಂದಿನ ಪಂದ್ಯಾವಳಿ ರದ್ದಾಯಿತು. ಕೆಲಸದಾಳುಗಳಲ್ಲಿ ಅರ್ಧ ಮಂದಿಯನ್ನು ತೆಗೆದರು. ತಂಗೆವ್ವನ ಜೋಡಿಗೆ ಹುಲ್ಲು ಕತ್ತರಿಸುತ್ತಿದ್ದ ಶೇವಂತಿ ಈಗ ಕೂಲಿ ಹುಡುಕುತ್ತ ತಿರುಗುತ್ತಾಳೆ, ಎದುರಾದರೆ ಮುಖ ತಿರುವುತ್ತಾಳೆ. ತಂಗೆವ್ವನನ್ನು ಪರಮಾನಂದ ಉಳಿಸಿಕೊಂಡಿದ್ದಾರೆ, ದಿನಗೂಲಿಯ ಮೇಲೆ. ಕಾಯಂ ಎನ್ನುವ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ. ಯಾವ ಕೆಲಸಕ್ಕಾಗಿ ತಮ್ಮನನ್ನು ಗೊತ್ತಿಲ್ಲವೆಂದರೋ ಆ ಕೆಲಸವೂ ದಕ್ಕಲಿಲ್ಲ.

ಇಲ್ಲಿಗೆ ಬರುವ ಮುನ್ನಾದಿನ, ಪಂಚಮಿಯಂದೇ, ನಾನು ಬನಹಟ್ಟಿಗೆ ಹೋಗಿದ್ದೆ. ಹಬ್ಬವಾದರೂ ಮುರಗೆಪ್ಪ ಮಗ್ಗದ ಮನೆಯಲ್ಲಿದ್ದ. ಮಗ್ಗ ನಿಲ್ಲಿಸಿ ಹೊರಗೆ ಬಂದ. ಅವನ ಮಾತನ್ನು ಈ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದೆ. "ಪೇಪರನ್ಯಾಗ ಬರೀರಿ. ನಮ್ಮಕ್ಕಗ ಓದಾಕ ಬರೂದಿಲ್ಲ" ಎಂದ. ಪಕ್ಕದಲ್ಲಿ ಯಾರಾದರೂ ತಂಗೆವ್ವನಿಗೆ ಇದನ್ನು ಓದಿ ಹೇಳುತ್ತಿದ್ದರೆ, ದಯವಿಟ್ಟು ಮುಂದಿನ ಪ್ಯಾರಾ ಬಿಟ್ಟು ಓದಿ.

"ಸೀರಿ ನಾನ ನೇಯ್ದದ್ದ್ರಿ. ಆದ್ರ ನೂಲು ಸೀರಿ ಅಂಗಡಿ ಮಾಲಕಂದು. ಡಬ್ಬಿ ಮ್ಯಾಲ ಎತ್ತಿ ಹಿಡಿ, ಸೀರಿ ರೊಕ್ಕಾ ಕೊಡಬ್ಯಾಡ ಅಂದಿದ್ದ. ಅದರಾಗೇನ ತಪ್ಪೈತಿ ಅನ್ಸಿತ್ರಿ ಆವಾಗ. ಈಗ ಮಂದಿ ಅನ್ನೂದು ಪೂರಾ ಸುಳ್ಳೂ ಅಲ್ಲ. ಯಾವ ಮಾರಿ ತೊಗೊಂಡು ಅಕ್ಕನ ಬಾಗಲಕ ಹೋಗ್ಲಿ?" ಅಕ್ಕ ಅಂದ ಮಾತು ಕೇಳಿಸಿತ್ತೇ ಎಂದೆ. "ಕೇಳಿತ್ರಿ. ಅಂದದ್ದ ಛಲೋ ಆತು. ಇಲ್ಲಂದ್ರ ಆಕಿನ್ನೂ ಹೊರಗ ಹಾಕ್ತಿದ್ರು." ಕಣ್ಣು ಒರೆಸಿಕೊಂಡ.

ಮಗ್ಗದ ಕಡೆ ತಿರುಗಿದವನು ನೆನಪಾದಂತೆ ನಿಂತ. ಮುಖದಲ್ಲಿ ಆಗ ಒಂದಿಷ್ಟು ಬೆಳಕಿತ್ತು. "ಆದ್ರ ಚಂಡು ಮಾತ್ರ ಏನ ಹೊಡದ್ಲ್ರಿ! ಗೇಟ ದಾಟೂ ಮುಂದ ಹೊಳ್ಳಿ ನೋಡಿದ್ನಿ. ಬೆಳ್ಳಕ್ಕಿ ಹಾರಿದಂಗ ನೆಟ್ಟಗ ಹೋತು."

ಈಗ ಬಿಸಿಲು ಸಣ್ಣಗೆ ಬಿದ್ದಿದೆ. ತಂಗೆವ್ವ ಹನಿ ಬಡಿಯುವುದು ಮುಗಿಸಿ ನನ್ನನ್ನು ಕುಳಿಯ ಹತ್ತಿರ ಕರೆದೊಯ್ಯುತ್ತಾರೆ. ಬಾವುಟದ ಬುಡದಿಂದ ಒಂದು ಮಾರು ದೂರದಲ್ಲಿ ನಿಂತು ಹೆಬ್ಬೆರಳಿನಿಂದ ನೆಲ ಮುಟ್ಟಿ ತೋರಿಸುತ್ತಾರೆ. "ಇಲ್ಲಿ ಬಿದ್ದಿತ್ರಿ ಚಂಡು. ಮರುದಿನಾ ಮುಂಜಾನೆ ನಾನ ಆರಿಸಿದ್ನಿ. ಗೊತ್ತಿಲ್ಲಂದ ಮ್ಯಾಲನ ಕೋಲ ಎತ್ತಿದ್ನಿ. ದಿನಾ ಕೋಲು ಬೀಸೂ ಕೈ, ಹಂಗ ಬೀಸಿದ್ನಿ, ಹೋತು. ಯಾರೂ ನೋಡಲಿಲ್ಲ ನೋಡ್ರಿ. ಎಲ್ಲಾರೂ ಬ್ಯಾನರ್ ಸರಿಮಾಡಾಕ ಓಡಿದ್ರು."

ಆ ಸೀರೆ ಏನಾಯಿತು ಎಂದು ಕೇಳುತ್ತೇನೆ. ಪರಮಾನಂದ ಅವರು ತಂದುಕೊಟ್ಟರಂತೆ, ಟ್ರಂಕಿನಲ್ಲಿದೆ. "ಉಟ್ಟಿಲ್ರಿ. ಮುಂದಿನ ಪಂಚಮಿಗೆ ಕರಿಯಾಕ ಬರ್ತಾನಲ್ಲ, ಅವತ್ತ ಉಡ್ತೇನಿ. ಈ ವರ್ಷ ಮಗ್ಗದಾಗ ಕೆಲಸಾ ಭಾಳ ಇರಬೇಕು. ಅದಕ ಬಂದಿಲ್ಲ. ಅಷ್ಟ."

ಆ ಮುಖ ನೋಡಿ ನನಗೆ ಸುಮ್ಮನಿರಲಾಗಲಿಲ್ಲ. ಡಬ್ಬಿಯ ಮಾತು ಹೇಳಬಾರದು ನಿಜ, ಚೆಂಡಿನ ಮಾತು ಹೇಳಬಹುದಲ್ಲ? "ಯಾರೂ ನೋಡಲಿಲ್ಲ ಅನ್ನಬೇಡ್ರಿ. ನಿಮ್ಮ ತಮ್ಮ ನೋಡ್ಯಾರ. ಗೇಟು ದಾಟೂ ಮುಂದ ಹೊಳ್ಳಿ ನೋಡಿದ್ರಂತ. ನೆಟ್ಟಗ ಹೋತು ಅಂದ್ರು."

ತಂಗೆವ್ವನ ಮುಖ ಅರಳುತ್ತದೆ. ನಾನೂ ಖುಷಿಪಡುತ್ತೇನೆ. ಮರುಗಳಿಗೆಗೆ ಅವರು ಗೇಟಿನ ಕಡೆ ನೋಡುತ್ತಾರೆ, ಚೆಂಡು ಹೊಡೆದ ಜಾಗದ ಕಡೆ ನೋಡುತ್ತಾರೆ. ನನ್ನ ಬಾಯಿಂದ ಏನು ಬಿದ್ದುಹೋಯಿತು ಎಂದು ನನಗೆ ಆಗ ಹೊಳೆಯುತ್ತದೆ.

"ಗೇಟು ದಾಟಿರಲಿಲ್ಲೇನ್ರಿ ಅವಾ?" ಎನ್ನುತ್ತಾರೆ ಮೆಲ್ಲಗೆ. "ಹಂಗಾದ್ರ ನಾ ಅಂದದ್ದೂ ಕೇಳಿರಬೇಕು."

ದೂರದಲ್ಲಿ ಕಾರ್ಖಾನೆಯ ಭೋಂಗಾ ಕೂಗುತ್ತದೆ. ತಂಗೆವ್ವ ಕೋಲೆತ್ತಿಕೊಂಡು ನಾಲ್ಕು ಹೆಜ್ಜೆ ಹೋದವರು ಮತ್ತೆ ನಿಲ್ಲುತ್ತಾರೆ.

"ನೆಟ್ಟಗ ಹೋತು ಅಂದಾ?"

"ಅಂದ್ರು."

"ಹೂಂ. ಹೋಗಿರಬೇಕು ಹಂಗಾದ್ರ. ನಮ್ಮ ಮುರಗ್ಯಾ ಸಣ್ಣಾಂವ ಇದ್ದಾಗಿಂದ ಸುಳ್ಳು ಹೇಳೂದಿಲ್ರಿ. ಹೇಳಿದಾಕಿ ನಾನ."