ಐದು ದನಿಗೆ ಒಂದು ಪೇಟಿ

“ಎರಡು ಪಾಲು ನಂದೈತಿ ಸಾಬ! ನನ್ನ ದನಿಗೆ ಹಚ್ಚಂದ್ರ ಹಚ್ಚಬೇಕು. ಇದ್ರಾಗ ಪಂಚಾಯ್ತಿ ಯಾಕ?”

“ಪೇಟಿ ನಿಮ್ಮೊಬ್ಬರದಲ್ರಿ ಅಯ್ಯನೋರ.”

“ಹಂಗಾರ ನನ್ನ ಪಾಲಿನಷ್ಟು ಕೊಯ್ದು ಕೊಡು!”

ಕಮರಿಪೇಟೆಯ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಜಗಳ ನಡೆದಿರುವುದು ದಸ್ತಗೀರಸಾಬರ ಅಂಗಡಿಯ ಕಟ್ಟೆಯ ಮೇಲೆ. ಕೂಗಾಡುತ್ತಿರುವವರು ಗಬ್ಬೂರಿನ ಭಜನಾ ಮೇಳದ ಮುಖ್ಯ ಹಾಡುಗಾರ ಮಹಾಂತಯ್ಯನವರು. ನಡುವೆ ಒಂದು ಹಾರ್ಮೋನಿಯಂ ಹೊಟ್ಟೆ ಬಿಚ್ಚಿಕೊಂಡು ಕೂತಿದೆ. ಈ ಕಡೆಯ ಮಂದಿ ಅದಕ್ಕೆ ಪೇಟಿ ಅನ್ನುತ್ತಾರೆ. ಎರಡು ವರ್ಷದ ಹಿಂದೆ ಮೇಳದ ಐವರು ಆರು ಪಾಲು ಹಾಕಿ ಕೊಂಡದ್ದು. ಎರಡು ಪಾಲು ಮಹಾಂತಯ್ಯನವರದು, ಉಳಿದ ನಾಲ್ವರದು ಒಂದೊಂದು.

ದಸ್ತಗೀರಸಾಬರಿಗೆ ಅರವತ್ತು ದಾಟಿದೆ. ಪೇಟಿಯೊಳಗಿನ ಹಿತ್ತಾಳೆಯ ತೆಳು ನಾಲಿಗೆಗಳನ್ನು ಅರದಿಂದ ಕೆರೆದು ಸ್ವರ ಕೂಡಿಸುವುದು ಅವರ ಕೆಲಸ. ತುದಿಗೆ ಕೆರೆದರೆ ಸ್ವರ ಏರುತ್ತದೆ, ಬುಡಕ್ಕೆ ಕೆರೆದರೆ ಇಳಿಯುತ್ತದೆ. ಒಂದು ಪೇಟಿಯಲ್ಲಿ ಇಂಥವು ಎಂಬತ್ತರ ಸುಮಾರು. ಟಾಂಗಾಗಳ ಸಪ್ಪಳ ಶುರುವಾದರೆ ಕಿವಿಗೆ ಏನೂ ದಕ್ಕುವುದಿಲ್ಲ. ಅದಕ್ಕೇ ನಸುಕಿನಲ್ಲಿ ಕೂಡುತ್ತಾರೆ.

ಹನ್ನೆರಡನೆಯ ವಯಸ್ಸಿಗೆ ಮಿರಜಿಗೆ ಹೋಗಿ ಕಲಿತ ಕಸಬು. ಇದ್ದೊಬ್ಬ ಮಗ ತೀರಿಕೊಂಡು ಆರು ವರ್ಷ. ಪೇಟಿಗೆ ಗಾಳಿ ತುಂಬುವ ತಿದಿ ಹರಿದರೆ ಸೊಸೆ ನೂರಜಹಾನ ಬಟ್ಟೆ ಅಂಟಿಸುತ್ತಾಳೆ. ತಿಂಗಳಿಗೆ ಹನ್ನೆರಡು ಪೇಟಿ ಬಂದರೆ ಮನೆ ನಡೆಯುತ್ತದೆ. ಅದರಲ್ಲಿ ಆರು ಬರುವುದು ಮಹಾಂತಯ್ಯನವರ ಶಿಫಾರಸಿನಿಂದ. ಹಾಡಿದವರಿಗೆ ಶಾಲು ಹೊದಿಸುವ ನಮ್ಮ ಊರು ಪೇಟಿ ಕೂಡಿಸಿದವನ ಹೆಸರು ಕೇಳುವುದಿಲ್ಲ. ನಾಚಿಕೆಗೇಡು.

ಜಗಳದ ಮೂಲ ಹಳೆಯದು. ಒಬ್ಬರ ಷಡ್ಜ ಹಿಡಿದು ಪೇಟಿಯನ್ನು ಚೊಕ್ಕ ಕೂಡಿಸಿದರೆ, ಪೇಟಿಯ ಬೇರೆ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುವವರಿಗೆ ಅದು ಅಲ್ಲಲ್ಲಿ ಅಪಸ್ವರವಾಗಿ ಕಚ್ಚುತ್ತದೆ.

“ಮೊದಲನೇ ಸಲ ಅಯ್ಯನೋರು ಒಬ್ಬರ ಬಂದ್ರು,” ಎನ್ನುತ್ತಾರೆ ದಸ್ತಗೀರಸಾಬರು. “ಅವರ ದನಿಗೆ ಹಚ್ಚಿ ಕೊಟ್ಟೆ. ಉಳಿದವರನ್ನ ಕೇಳಲಿಲ್ಲ. ಆ ತಪ್ಪು ನಂದು.”

ಆ ತಪ್ಪನ್ನು ಉಂಡವಳು ಮುರಿಗೆವ್ವ. ಹತ್ತಿ ಜಿನ್ನಿನಲ್ಲಿ ಕೂಲಿ ಮಾಡುತ್ತಾಳೆ, ಮೇಳದಲ್ಲಿ ಹಾಡುತ್ತಾಳೆ. “ನನ್ನ ಗಂಟಲಾನ ಕೆಟ್ಟೈತಿ ಅನಕೊಂಡ್ನಿರಿ. ಒಂದ ವರ್ಷ ಬಾಯಿ ಮುಚಗೊಂಡು ಬರೇ ತಾಳ ಬಾರಿಸೇನಿ. ನನ್ನ ಪಾಲು ಮಾತ್ರ ಕೊಟ್ಟೇನಿ.”

ಹೋದ ತಿಂಗಳು ತಿದಿ ರಿಪೇರಿಯಾದ ಪೇಟಿ ಒಯ್ಯಲು ಬಂದವಳು ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ಗುನುಗಿದಳು. ದಸ್ತಗೀರಸಾಬರು ಅವಳ ಸ್ವರ ಹಿಡಿದು ಪೇಟಿ ನುಡಿಸಿ ನೋಡಿದರು. ಕೆಟ್ಟದ್ದು ಗಂಟಲಲ್ಲ. ಪೇಟಿಯನ್ನು ಅಲ್ಲೇ ಇಟ್ಟುಕೊಂಡು ಹೇಳಿ ಕಳಿಸಿದರು: ಪಾಲಿದ್ದವರೆಲ್ಲ ಬರಲಿ, ಒಬ್ಬೊಬ್ಬರೂ ಒಂದು ನುಡಿ ಹಾಡಲಿ, ಆಮೇಲೆ ಕೂಡಿಸುತ್ತೇನೆ, ಕೂಲಿ ಬೇಡ.

“ಎಲ್ಲಾರಿಗೂ ಒಂಚೂರು ಕಡಿಮಿ ಆಕ್ಕೈತಿ. ಒಬ್ಬರಿಗೇ ಭಾಳ ಕಡಿಮಿ ಆಗೂದಿಲ್ಲ,” ಇದು ಅವರ ಲೆಕ್ಕ.

ಇವತ್ತು ಐವರೂ ಬಂದು ಹಾಡಿದ್ದಾರೆ. ಮೊದಲ ಹತ್ತು ನಾಲಿಗೆ ಕೆರೆದು ಕೇಳಿಸಿದ್ದೇ ತಡ, ಮಹಾಂತಯ್ಯನವರು ಸಿಡಿದಿದ್ದಾರೆ. ತಮ್ಮ ಗಾಂಧಾರ ಕೂದಲೆಳೆ ಏರಿದೆ ಎಂದು.

ತಬಲಾ ಬಾರಿಸುವ ಯಂಕಣ್ಣ ಬಾಯಿ ಹಾಕುತ್ತಾನೆ. “ಅಯ್ಯನೋರ, ಶಾವಗಿ ಎಲ್ಲಾ ನಿಮ್ಮ ಗಂಗಾಳಕ್ಕ ಹಾಕ್ಕೊಂಡ್ರ ನಮಗೇನ ಬರೇ ಹಾಲೇನ್ರಿ?”

“ಬಡಿಯಾಂವ ನೀ. ನಿನಗ್ಯಾಕೋ ಸ್ವರದ ಉಸಾಬರಿ?” ಮಹಾಂತಯ್ಯನವರು ಇತ್ತ ತಿರುಗುತ್ತಾರೆ. “ಕಡೀ ಮಾತು ಸಾಬ. ನನ್ನ ದನಿಗೆ ಹಚ್ಚಲಿಲ್ಲಂದ್ರ, ನಾ ಕಳಸೂ ಆರೂ ಪೇಟಿ ಬ್ಯಾರೆ ಕಡೆ ಹೊಕ್ಕಾವು.”

ಅಂಟು ಹಚ್ಚುತ್ತಿದ್ದ ನೂರಜಹಾನಳ ಕೈ ನಿಲ್ಲುತ್ತದೆ. ದಸ್ತಗೀರಸಾಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

“ಹೋಗಲ್ರಿ. ಈ ಅವ್ವ ಮತ್ತ ಬರೇ ತಾಳ ಬಾರಸ್ಕೋತ ಕುಂಡ್ರೂದು ಬ್ಯಾಡ.”

ಮಹಾಂತಯ್ಯನವರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಕಟ್ಟೆ ಇಳಿಯುತ್ತಾರೆ. ತಿರುಗಿ ನೋಡುವುದಿಲ್ಲ.

“ಎಲ್ಲಾರೂ ಇರಬೇಕಂದ್ರಿ. ಈಗ ಹ್ಯಾಂಗ ಕಾಕಾ?” ಮುರಿಗೆವ್ವ ಕೇಳುತ್ತಾಳೆ.

“ಅವರ ನುಡಿ ಅವರು ಹಾಡ್ಯಾರಲ್ಲವಾ. ಕಿವ್ಯಾಗೈತಿ. ಅವರ ಪಾಲು ನಾ ಬಿಡೂದಿಲ್ಲ.” ಅರ ಮತ್ತೆ ಹಿತ್ತಾಳೆಗೆ ಹತ್ತುತ್ತದೆ.

ಇದಾಗಿ ಎರಡು ತಿಂಗಳು. ಮುರಿಗೆವ್ವ ಹಾಡುತ್ತಿದ್ದಾಳೆ. ದಸ್ತಗೀರಸಾಬರ ಅಂಗಡಿಗೆ ಈಗ ಬರುವುದು ತಿಂಗಳಿಗೆ ಆರೇ ಪೇಟಿ. ನೂರಜಹಾನ ಮಧ್ಯಾಹ್ನ ಬೀಡಿ ಕಟ್ಟಲು ಕೂತಿದ್ದಾಳೆ. ನಿಮಗೇನಾದರೂ ಆಸೆ ಉಂಟೇ ಎಂದರೆ ಮುದುಕರು ಅರ ಒರೆಸುತ್ತ ಹೇಳುತ್ತಾರೆ:

“ಅಯ್ಯನೋರು ಒಮ್ಮೆ ಬಂದು ಆ ಪೇಟಿ ಕೂಡ ಹಾಡಿ ನೋಡಬೇಕ್ರಿ. ಅವರಿಗೂ ಕೂಡತೈತಿ.”

ಮಹಾಂತಯ್ಯನವರು ಇನ್ನೂ ಬಂದಿಲ್ಲ.