ಸಂಜೆಯ ಜೀಪಿನಲ್ಲಿ ಎರಡು ಸೀಟು

ಹೆಂಡತಿ ಹೋದ ಮೇಲೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಟ್ಟದ ಮೇಲಿನ ಚೀಲ ಇಳಿಸುತ್ತಿದ್ದೆ, ಎರಡು ಅಂಗಿ ತುಂಬುತ್ತಿದ್ದೆ, ತೆಗೆದು ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದೆ. ಮೇ ತಿಂಗಳಲ್ಲಿ ತಾಡೋಬಾ ಕಾಡಿಗೆ ಹುಲಿ ನೋಡಲು ಹೋಗುವುದೆಂದು ನಾವಿಬ್ಬರೂ ಚಳಿಗಾಲದಲ್ಲೇ ಗೊತ್ತು ಮಾಡಿದ್ದೆವು. ಜೀಪಿನಲ್ಲಿ ಎರಡು ಸೀಟು ನಮ್ಮ ಹೆಸರಿನಲ್ಲಿದ್ದವು. ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳು. ಮತ್ತೆ ಏಳಲಿಲ್ಲ. ಈಗ ಹೋಗುವುದೋ ಬಿಡುವುದೋ ತಿಳಿಯದೆ ಒದ್ದಾಡುತ್ತಿದ್ದೆ.

ಹುಲಿಯ ಆಸೆ ಅವಳದು. ನಮ್ಮ ಬೇಡಕಿಹಾಳದ ಬಸದಿಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಹುಲಿಯೂ ಹಸುವೂ ಒಂದೇ ತೊಟ್ಟಿಗೆ ಬಾಯಿ ಇಟ್ಟು ನೀರು ಕುಡಿಯುತ್ತಿದ್ದವು. ದಿನಾ ದರ್ಶನಕ್ಕೆ ಹೋದಾಗ ಅವಳು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ನಿಜವಾದ ಕಾಡಿನಲ್ಲಿ ಹಸು ಪಕ್ಕದಲ್ಲಿ ನಿಂತರೆ ಏನಾಗುತ್ತದೆಂದು ನಾನು ಚೇಷ್ಟೆ ಮಾಡಿದರೆ, ಅಷ್ಟು ತನಗೂ ಗೊತ್ತು, ಹುಲಿ ತಲೆ ಬಾಗಿಸಿ ನೀರು ಕುಡಿಯುವುದನ್ನು ನೋಡಿದರೆ ಸಾಕು ಎನ್ನುತ್ತಿದ್ದಳು.

ಬುಕಿಂಗ್ ಮಾಡಿಸಲು ನಿಪ್ಪಾಣಿಯ ಟ್ರಾವೆಲ್ಸ್ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಎಲ್ಲ ವಿವರಿಸಿದ. ಕೊಲ್ಹಾಪುರದಿಂದ ನಾಗಪುರಕ್ಕೆ ರೈಲು, ಅಲ್ಲಿಂದ ಗಾಡಿ. ಕೆಂಪು, ಬಿಳಿ ಬಟ್ಟೆ ಬೇಡ. ಗುರುತಿನ ಚೀಟಿ ಇಲ್ಲದೆ ಗೇಟು ದಾಟುವಂತಿಲ್ಲ, ಕಾಡಿನೊಳಗೆ ಜೀಪಿನಿಂದ ಇಳಿಯುವಂತಿಲ್ಲ, ತಿನ್ನುವಂತಿಲ್ಲ. ಬೇಸಿಗೆಯ ಸಂಜೆ ಹುಲಿ ಹೊಂಡಕ್ಕೆ ಬರುವ ಸಂಭವ ಹೆಚ್ಚು ಎಂದೂ ಹೇಳಿದ. ನಾನು ಬೆಳಗಿನ ಜೀಪೇ ಇರಲಿ ಎಂದೆ. ಅವಳು ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಊಟ ಮಾಡುವವಳಲ್ಲ. ಸಂಜೆಯ ಜೀಪು ಗೇಟಿನಿಂದ ಹೊರಬರುವಷ್ಟರಲ್ಲಿ ಕತ್ತಲಾಗುತ್ತದೆ. ಮದುವೆಯಾದಾಗಿನಿಂದ ನಮ್ಮ ಪ್ರತಿ ಪ್ರಯಾಣವನ್ನೂ ಸೂರ್ಯನನ್ನು ನೋಡಿಯೇ ಹೊಂದಿಸಿದ್ದೆವು.

ಅವಳು ಸೆರಗು ಸರಿಮಾಡಿಕೊಂಡು ಅಂಗಡಿಯವನಿಗೇ ಹೇಳಿದಳು: "ಸಂಜೀದ ಇರಲಿ ಬಿಡ್ರಿ. ಹುಲಿ ನನ್ನ ಊಟದ ಹೊತ್ತ ನೋಡಿ ಬರತೈತೇನು? ಒಂದಿನ ಉಪಾಸ ಇದ್ರಾತು."

ಆಮೇಲೆ ಬೇಡಕಿಹಾಳದ ಬಸ್ಸು ಬರುವತನಕ, ಹಸಿರು ಸೀರೆ ನಡೆಯುತ್ತದೆಯೋ ಇಲ್ಲವೋ ಕೇಳಲು ಮರೆತೆವಲ್ಲ ಎಂದು ಒದ್ದಾಡಿದಳು.

ಏಪ್ರಿಲ್‌ನಲ್ಲಿ ಜುಗೂಳದಿಂದ ನನ್ನ ಅಕ್ಕ ಬಂದಳು. ಚೀಲ ನೆಲದ ಮೇಲಿರುವುದನ್ನು ನೋಡಿ ಎಲ್ಲಿಗೆ ಎಂದಳು. ಹೇಳಿದೆ. ವರ್ಷ ತುಂಬಿಲ್ಲ, ಮಂದಿ ಏನಂದಾರು ಎಂದು ಗೊಣಗಿದಳು. ಆಮೇಲೆ ನನ್ನ ಗಡ್ಡದ ಮುಖ ನೋಡಿ, "ಹುಲಿ ನೋಡಾಕ ಅಷ್ಟ ದೂರ ಯಾಕ ಹೊಕ್ಕೀ ತಮ್ಮಾ, ಕನ್ನಡ್ಯಾಗ ನೋಡಕೋ" ಎಂದಳು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಕ್ಕ ಹೋದ ದಿನವೇ ಟ್ರಿಪ್ ರದ್ದು ಮಾಡಲು ಅಂಗಡಿಗೆ ಫೋನ್ ಹಚ್ಚಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಹಿತ್ತಲಿಗೂ ಬಾಗಿಲಿಗೂ ತಿರುಗಾಡಿದೆ. ಹೊಲಕ್ಕೆ ಹೋದೆ, ಕುಳೆ ಕಬ್ಬಿಗೆ ನೀರು ಬಿಟ್ಟು ಅದನ್ನು ಮುಂದಿನ ಸಾಲಿಗೆ ತಿರುಗಿಸುವುದನ್ನು ಮರೆತು ಬಂದೆ. ಸಂಜೆ ಬಸದಿಗೆ ಹೋದರೆ ಆ ಗೋಡೆಯ ಕಡೆ ನೋಡಲಾಗದೆ ಬೇಗ ಹೊರಬಿದ್ದೆ.

ಕೊನೆಗೆ ಅಂಗಡಿಯವನೇ ಫೋನ್ ಮಾಡಿದ. ಅವನಿಗೆ ಸುದ್ದಿ ಯಾರೋ ಹೇಳಿದ್ದರು. ಬಹಳ ಮೆಲ್ಲಗೆ ಮಾತಾಡಿದ. ಅವಳನ್ನು ಅವನು ಕಾಕೂ ಎನ್ನುತ್ತಿದ್ದ; ಕಾಕೂ ಹೆಸರಿನ ಸೀಟಿನಲ್ಲಿ ಬೇರೆಯವರನ್ನು ಕೂರಿಸಲು ಬರುವುದಿಲ್ಲ, ಅದು ಖಾಲಿ ಹೋಗುತ್ತದೆ ಎಂದ. ಪಕ್ಕದಲ್ಲಿ ಖಾಲಿ ಸೀಟು ಇಟ್ಟುಕೊಂಡು ಕೂರುವುದು ನನಗೆ ಕಷ್ಟವಾಗಬಹುದೆಂದು ಅವನೇ ಯೋಚಿಸಿದ್ದ. ಬೆಳಗಿನ ಜೀಪೊಂದರಲ್ಲಿ ಒಂದೇ ಸೀಟು ಉಳಿದಿದೆ, ಬದಲಾಯಿಸಲೇ ಎಂದು ಕೇಳಿದ.

ಚೀಲ ನನ್ನ ಕಾಲ ಹತ್ತಿರವೇ ಇತ್ತು. ಬೇಡ, ಸಂಜೆಯದೇ ಇರಲಿ ಎಂದೆ.

"ಹಂಗಂದ್ರ ವಾಪಸ್ ಬರೂದು ತಡಾ ಆಕ್ಕೈತಿ, ಕಾಕಾ. ಹೊಟೇಲಿನಾವ್ರಿಗೆ ನಿಮ್ಮ ಊಟ ತಗದಿಡಾಕ ಹೇಳ್ಲೇನ್ರಿ?"

ನಾನು ರಾತ್ರಿ ಊಟ ಬಿಟ್ಟವನಲ್ಲ. ಅವಳು ಹೊತ್ತಿರುವಾಗಲೇ ಉಂಡು, ನನ್ನ ತಾಟನ್ನು ಮುಚ್ಚಿಟ್ಟು ಕಾಯುತ್ತಿದ್ದಳು.

"ಬ್ಯಾಡ್ರಿ," ಎಂದೆ. "ಅವತ್ತ ನಂದ ಉಪಾಸ ಐತಿ."