ಅರ್ಸೆನಿಯೋನ ಒಂದು ಬೋಳು ಕಾಲು

ಅರ್ಸೆನಿಯೋ ಅಂಗಳದಲ್ಲಿ ಕೂತು ದಂಟಿನ ಈರುಳ್ಳಿಯ ಕಂತೆಗಳಿಗೆ ಹುರಿ ಬಿಗಿಯುತ್ತಿದ್ದ. ಮಗಳು ಯುರಾನಿ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಅವನೆದುರು ಕುಕ್ಕರಗಾಲಲ್ಲಿ ಕೂತಳು.

"ಅಪ್ಪಾ, ಕಾಲಿನ ಕೂದಲು ತೆಗೀಲೋ ಬೇಡ್ವೋ? ನೀವೇ ಹೇಳಿಬಿಡಿ. ನೀವು ಹೇಳಿದಂಗೆ ಮಾಡ್ತೀನಿ."

ಹುರಿ ಅವನ ಕೈಯಲ್ಲೇ ಉಳಿಯಿತು. ತಂಡದ ಮ್ಯಾನೇಜರ್ ದೊನ್ ಫಬ್ರಿಸಿಯಾನೋ ಆ ದಿನ ಹುಡುಗಿಯರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದನಂತೆ: ಶನಿವಾರ ಚರ್ಚಿನ ಮುಂದಿನ ಚೌಕದಲ್ಲಿ ಫೋಟೋ, ಕಾಲುಗಳು ನುಣ್ಣಗಿರಬೇಕು, ಬ್ಲೇಡು ಬೇಡ, ಕೂದಲ ಮೊಳಕೆ ಕಾಣುತ್ತದೆ, ವ್ಯಾಕ್ಸ್ ಮಾಡಿಕೊಂಡು ಬನ್ನಿ. ನುಣ್ಣಗಿಲ್ಲದವಳಿಗೆ ತಂಡದ ಅಂಗಿ ಇಲ್ಲ. ಅಂಗಿ ಇಲ್ಲದವಳು ಭಾನುವಾರದ ಪಂದ್ಯದಲ್ಲಿ ಇಲ್ಲ. ಉಳಿದ ಹುಡುಗಿಯರು ಮೊದಲೇ ನುಣ್ಣಗಿದ್ದರು. ಈ ಮಾತು ಯಾರನ್ನು ನೋಡಿ ಆಡಿದ್ದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎತ್ತರದ ಬೆಟ್ಟಗಳ ನಡುವಿನ ತೋತಾ ಸರೋವರದ ಸುತ್ತ ಯುರಾನಿಯ ಹಾಗೆ ಘಾಟಿ ಏರುವ ಹುಡುಗಿ ಇನ್ನೊಬ್ಬಳಿಲ್ಲ. ಕ್ರುಸೆರೋ ಏರಿನಲ್ಲಿ ಗಂಡುಹುಡುಗರೂ ಅವಳ ಬೆನ್ನು ನೋಡಿಕೊಂಡೇ ಏರುತ್ತಾರೆ. ಆ ಕಾಲುಗಳು ಮಾಡಿದ ಕೆಲಸ ಫಬ್ರಿಸಿಯಾನೋಗೆ ಬೇಕಿತ್ತು, ಕಾಲುಗಳು ಮಾತ್ರ ಇದ್ದ ಹಾಗೆ ಬೇಕಿರಲಿಲ್ಲ. ತಂಡ ಈರುಳ್ಳಿ ಸಗಟು ವ್ಯಾಪಾರಿಗಳದ್ದು. ಫೋಟೋ ಅವರ ಕ್ಯಾಲೆಂಡರಿಗೆ. ಅವಳ ಅವ್ವ ರೋಸ್ಮಿರಾ ಬೆಳಗಿನಿಂದ ಸಂಜೆವರೆಗೆ ಸಿಪ್ಪೆ ಸುಲಿಯುವ ಶೆಡ್ಡಿನ ಗೋಡೆಯಲ್ಲೇ ಆ ಕ್ಯಾಲೆಂಡರು ತೂಗುತ್ತದೆ.

ನಾಳೆ ಹೇಳ್ತೀನಿ ಅಂದ ಅರ್ಸೆನಿಯೋ.

ಅವನೂ ಹರೆಯದಲ್ಲಿ ಪಂದ್ಯದ ಸೈಕಲ್ ತುಳಿದವನು. ಮೊದಲ ಪಂದ್ಯಕ್ಕೆ ಮುಂಚೆ, ಎಲ್ಲ ಸವಾರರೂ ಮಾಡುವ ಹಾಗೆ, ಅಪ್ಪನ ಕ್ಷೌರದ ಕತ್ತಿ ಕದ್ದು ಕಾಲು ಬೋಳಿಸಿಕೊಂಡಿದ್ದ. ಅಪ್ಪ ಬೆಲ್ಟು ಬಿಚ್ಚಿ ಹೊಡೆದು, ನಾಳೆ ಲಂಗ ಉಡ್ತೀಯೇನೋ ಅಂತ ಕೇಳಿದ್ದ. ಆಮೇಲೊಮ್ಮೆ ಇಳಿಜಾರಿನಲ್ಲಿ ಬಿದ್ದು ಮೊಣಕಾಲಿನ ತುಂಬ ಜಲ್ಲಿ ಹೊಕ್ಕಾಗ ಗಾಯ ತೊಳೆಯುವುದು ಸಲೀಸಾಯಿತು, ಬ್ಯಾಂಡೇಜು ಕಿತ್ತರೂ ಪ್ರಾಣ ಹೋಗಲಿಲ್ಲ. ಬೋಳಿಸಿಕೊಳ್ಳುವುದು ಏತಕ್ಕೆಂದು ಅವತ್ತು ಅರ್ಥವಾಗಿತ್ತು. ಈಗ ಅದೇ ಊರು, ಅದೇ ಸೈಕಲ್ಲು. ಕೂದಲು ತೆಗೆದದ್ದಕ್ಕೆ ಅವನು ಹೆಂಗಸಾಗಿದ್ದ, ತೆಗೆಯದಿದ್ದಕ್ಕೆ ಮಗಳು ಗಂಡಸಾಗಿದ್ದಳು. ಕೂದಲಿಗೂ ಮನುಷ್ಯರಿಗೂ ಇರುವ ಈ ಲೆಕ್ಕ ಯಾರು ಬರೆದದ್ದು?

ಮಗಳಿಗೆ ಮಾಡು ಅನ್ನುವುದಾದರೆ, ಮಾಡು ಅಂದದ್ದು ಏನೆಂದಾದರೂ ಗೊತ್ತಿರಬೇಕಲ್ಲ. ಮರುದಿನ ಔಷಧಿ ಅಂಗಡಿಗೆ ಹೋಗಿ, ಗಿರಾಕಿಗಳೆಲ್ಲ ಹೊರಡುವ ತನಕ ಕೆಮ್ಮಿನ ಮಾತ್ರೆಗಳನ್ನು ನೋಡುತ್ತ ನಿಂತ. ಕಡೆಗೆ ಅಂಗಡಿಯಾಕೆ ದೊನ್ಯಾ ನಿನ್ಫಾಳ ಬಳಿ ಕಾಲಿನ ವ್ಯಾಕ್ಸು ಇದೆಯಾ ಅಂತ ಪಿಸುಗುಟ್ಟಿದ.

"ರೋಸ್ಮಿರಾಗಾ, ಮಗಳಿಗಾ?"

"ನನಗೆ."

ನಿನ್ಫಾ ಅವನನ್ನು ಮುಖದಿಂದ ಬೂಟಿನವರೆಗೆ ಒಮ್ಮೆ ಅಳೆದಳು. "ಈ ವಯಸ್ಸಲ್ಲಿ ಮತ್ತೆ ಪಂದ್ಯಕ್ಕೆ ಇಳೀತೀರೋ, ಇಲ್ಲ ಬೇರೆ ಮದುವೆನೋ?" ಅಂತ ಕೇಳಿ ಮೇಣದ ಪಟ್ಟಿಗಳ ಪೊಟ್ಟಣವನ್ನು ಪತ್ರಿಕೆಯಲ್ಲಿ ಸುತ್ತಿಕೊಟ್ಟಳು. ಒಲೆ ಬೇಡ, ಅಂಗೈಗಳ ನಡುವೆ ಉಜ್ಜಿ ಬಿಸಿ ಮಾಡಿದರೆ ಸಾಕು, ಹಚ್ಚಿ ಎಳೆದುಬಿಡಿ ಅಂದಳು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಕಲ್ಲಿದ್ದಲ ಒಲೆಯ ಪಕ್ಕ ಸ್ಟೂಲು ಎಳೆದುಕೊಂಡು ಪ್ಯಾಂಟು ಮಡಚಿದ. ಒಂದು ಪಟ್ಟಿಯನ್ನು ಅಂಗೈಗಳ ನಡುವೆ ಇಟ್ಟು ಉಜ್ಜಿದ. ಆ ಎತ್ತರದ ಚಳಿಯಲ್ಲಿ, ಈರುಳ್ಳಿ ಕಿತ್ತು ಕಿತ್ತು ದಡ್ಡುಗಟ್ಟಿದ ಅಂಗೈಯಲ್ಲಿ ಯಾವ ಮೇಣ ಬಿಸಿಯಾದೀತು? ಪಟ್ಟಿ ಚರ್ಮಕ್ಕೆ ಅಂಟದೆ ಒಣ ಎಲೆಯ ಹಾಗೆ ಉದುರಿತು. ಇನ್ನೊಂದನ್ನು ಒಲೆಯ ತಗಡಿಗೆ ತಾಗಿಸಿದ. ಮೇಣ ನೀರಾಗಿ ಹೊದ್ದಿದ್ದ ಉಣ್ಣೆಯ ರುವಾನಾದ ಮೇಲೆ ಸುರಿಯಿತು. ಎಳೆದಾಗ ಬಂದದ್ದು ಕುರಿಯ ಕೂದಲು.

ಮೂರನೆಯದು ಸರಿಯಾಗಿ ಅಂಟಿತು. ಎಳೆದ. ಕಣ್ಣಿನ ಮುಂದೆ ಸರೋವರವೇ ತಲೆಕೆಳಗಾಗಿ ನಿಂತ ಹಾಗಾಯಿತು. ಆದರೂ ಹಿಡಿದ ಕೆಲಸ ಬಿಡುವ ಜಾಯಮಾನ ಅವನದಲ್ಲ. ಬಲಗಾಲು ಪೂರ್ತಿ ಮುಗಿಸಿದ. ಆಮೇಲೆ ಮಾಡಿದ್ದು ಹಳೆಯ ಸವಾರನೊಬ್ಬನೇ ಮಾಡಬಲ್ಲ ತಪ್ಪು. ಕಾಲು ಬೋಳಿಸಿದ ಮೇಲೆ ಮುಲಾಮು ಹಾಕಿ ತಿಕ್ಕುವುದು ಸವಾರರ ಪದ್ಧತಿ. ಕೈ ತಾನಾಗಿ ಕಪಾಟಿಗೆ ಹೋಗಿ ಪಂದ್ಯದವರ ಕರ್ಪೂರದ ಮುಲಾಮು ತೆಗೆಯಿತು. ಪಾದದಿಂದ ತೊಡೆಯವರೆಗೆ ಧಾರಾಳವಾಗಿ ಬಳಿದುಕೊಂಡ.

ರೋಸ್ಮಿರಾ ಶೆಡ್ಡಿನಿಂದ ಬಂದಾಗ ಗಂಡ ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಒಂದು ಕಾಲು ಇಳಿಬಿಟ್ಟು, ಯಾವ್ಯಾವುದೋ ಸಂತರ ಹೆಸರು ಹೇಳುತ್ತ ಕೂತಿದ್ದ. ಅವಳು ಕಾಲು ನೋಡಿದಳು, ಒಳಗೆ ಹೋಗಿ ರುವಾನಾ ನೋಡಿದಳು, ಮತ್ತೆ ಬಂದು ಕಾಲು ನೋಡಿದಳು.

"ಇನ್ನೊಂದು ಯಾರಿಗೆ ಬಿಟ್ಟಿದ್ದೀರಿ?"

"ಇಷ್ಟು ಉರಿಯುತ್ತೆ ಅಂತ ನೀನು ಯಾವತ್ತೂ ಹೇಳೇ ಇಲ್ವಲ್ಲೇ."

"ನೀವು ಯಾವತ್ತು ಕೇಳಿದ್ರಿ? ಮದುವೆಗೆ ಮುಂಚೆ ನಮ್ಮವ್ವ ಜೇನುಮೇಣ ಕಾಯಿಸಿ ಹಾಕಿ ಕಿತ್ತಳು. ನಿಮಗೆ ನುಣ್ಣಗಿದ್ದರೆ ಇಷ್ಟ ಅಂತ."

"ನಾನೆಲ್ಲಿ ಹಂಗಂದೆ?"

"ಅದೇ ಮತ್ತೆ. ಯಾರೂ ಅಂದಿರೋದಿಲ್ಲ. ಎಲ್ಲರೂ ಕೀಳ್ತಾ ಇರ್ತೀವಿ."

ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಅರ್ಸೆನಿಯೋಗೆ, ತನ್ನ ಹೆಸರಿನಲ್ಲಿ ಇವಳ ಚರ್ಮ ಸುಲಿದದ್ದು ಇವತ್ತು ಗೊತ್ತಾಗುತ್ತಿತ್ತು.

ಸಂಜೆ ಯುರಾನಿ ಬಂದು ಅಪ್ಪನ ಕಾಲು ನೋಡಿ ನಕ್ಕಳು. ಆ ಊರಿನ ವಾಡಿಕೆಯಂತೆ ಬಿಸಿ ಬೆಲ್ಲದ ನೀರಿನ ಲೋಟದಲ್ಲಿ ಚೀಸಿನ ತುಂಡು ಮುಳುಗಿಸುತ್ತ, ನಗು ನಿಂತ ಮೇಲೆ, ಹಾಗಾದರೆ ತೆಗೀಬೇಕು ಅಂತೀರಾ ಅಂತ ಕೇಳಿದಳು.

"ನನಗೆ ಗೊತ್ತಿಲ್ಲ ಮಗಳೇ," ಅಂದ ಅರ್ಸೆನಿಯೋ. "ಒಂದು ಕಾಲು ತೆಗೆ ಅನ್ನುತ್ತೆ, ಒಂದು ಬೇಡ ಅನ್ನುತ್ತೆ. ಗಾಯಕ್ಕಾದರೆ ತೆಗೆ. ಫೋಟೋಗೆ ಯಾಕೆ ತೆಗೀಬೇಕು ಅಂತ ನನಗೆ ಹೇಳಕ್ಕೆ ಬರ್ತಿಲ್ಲ. ಹೇಳಕ್ಕೆ ಬರದೇ ಇರೋದನ್ನ ಮಾಡು ಅಂತ ಹೆಂಗೆ ಅನ್ನಲಿ?"

ಶನಿವಾರ ಅವಳು ಕಾಲು ಇದ್ದ ಹಾಗೇ ಹೊರಟಳು. ಅರ್ಸೆನಿಯೋ ಕುಂಟುತ್ತ ಹಿಂದೆ ನಡೆದ. ಚೌಕದಲ್ಲಿ ಫಬ್ರಿಸಿಯಾನೋ ಅವಳ ಕಾಲು ನೋಡಿದವನೇ ಅಂಗಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಅವಳೊಡನೆ ಒಂದು ಮಾತೂ ಆಡದೆ ಅರ್ಸೆನಿಯೋನ ಕಡೆ ತಿರುಗಿದ. ನೀವೂ ಸವಾರರೇ ಆಗಿದ್ದವರು, ಶಿಸ್ತು ಅಂದರೇನು ಅಂತ ನಿಮಗೆ ಹೇಳಿಕೊಡಬೇಕಾ ಅಂದ.

ಅರ್ಸೆನಿಯೋ ಪ್ಯಾಂಟಿನ ಎರಡೂ ಕಾಲುಗಳನ್ನು ಮೇಲಕ್ಕೆ ಮಡಚಿದ. ಬಲಗಾಲು ಬೋಳು, ಅಲ್ಲಲ್ಲಿ ಕೆಂಪು. ಎಡಗಾಲು ಕಾಡು. ಚೌಕದಲ್ಲಿದ್ದವರೆಲ್ಲ ಹತ್ತಿರ ಬಂದರು.

"ಇದರಲ್ಲಿ ಶಿಸ್ತಿರೋದು ಯಾವುದು, ದೊನ್ ಫಬ್ರಿಸಿಯಾನೋ? ತಮಾಷೆಗಲ್ಲ, ನಿಜವಾಗಿ ಗೊತ್ತಾಗದೆ ಕೇಳ್ತಿದ್ದೀನಿ. ಬಿದ್ದರೆ ಗಾಯ ಬೇಗ ತೊಳೀಬಹುದು ಅಂತ ನಾವು ತೆಗೀತಿದ್ವಿ. ಕ್ಯಾಮೆರಾದಿಂದ ಬಿದ್ದು ಯಾರಿಗೆ ಗಾಯ ಆಗುತ್ತೆ?"

ಯಾರೋ ನಕ್ಕರು, ಆಮೇಲೆ ಬಹಳ ಜನ ನಕ್ಕರು. ಫಬ್ರಿಸಿಯಾನೋ ವ್ಯಾಪಾರಿಗಳ ಮುಖ ನೋಡಿದ. ಅವರಿಗೂ ಭಾನುವಾರ ಗೆಲ್ಲುವವಳು ಬೇಕಿತ್ತು. ಅಂಗಿಯನ್ನು ಯುರಾನಿಯ ಕೈಗೆ ಎಸೆದು, ಹಿಂದಿನ ಸಾಲಲ್ಲಿ ನಿಲ್ಲು, ಮುಂದೆ ಸೈಕಲ್ ಇಟ್ಟುಕೋ ಅಂದ. ಹಾಗೆ ಕ್ಯಾಲೆಂಡರಿನಲ್ಲಿ ಅವಳು ಭುಜದಿಂದ ಮೇಲಷ್ಟೇ ಇದ್ದಾಳೆ.

ಭಾನುವಾರ ಅವಳು ಎಲ್ಲರಿಗಿಂತ ಮುಂದಿದ್ದಳು. ಸೊಗಮೊಸೊ ಪಟ್ಟಣದ ಕಡೆಗೆ ಇಳಿಯುವ ತಿರುವಿನಲ್ಲಿ ಒದ್ದೆ ಮಣ್ಣಿಗೆ ಚಕ್ರ ಜಾರಿ ಬಿದ್ದಳು. ಎದ್ದು, ರಕ್ತ ಸುರಿಸಿಕೊಂಡೇ ತುಳಿದು ಎರಡನೆಯವಳಾಗಿ ಮುಗಿಸಿದಳು. ದಾದಿ ಬ್ಯಾಂಡೇಜು ಸುತ್ತಿ ಕಳಿಸಿದಳು. ಮಂಗಳವಾರ ಅಡುಗೆಮನೆಯಲ್ಲಿ ಅದನ್ನು ಬಿಚ್ಚುವಾಗ ಅಂಟು ಕೂದಲನ್ನು ಕಚ್ಚಿ ಹಿಡಿದಿತ್ತು. ರೋಸ್ಮಿರಾ ಬಿಸಿನೀರು ಹಾಕಿ ಹಾಕಿ ಬಿಡಿಸಿದಳು. ಯುರಾನಿ ಹಲ್ಲು ಕಚ್ಚಿ ಕೂತಿದ್ದಳು. ಅರ್ಸೆನಿಯೋ ತಲೆ ತಗ್ಗಿಸಿ ನಿಂತಿದ್ದ. ತೆಗೆ ಅಂದಿದ್ದರೆ ಇದು ಆಗುತ್ತಿರಲಿಲ್ಲ, ಅಂದಿದ್ದರೆ ಇನ್ನೇನೋ ಆಗುತ್ತಿತ್ತು.

ಕಡೆಯ ತುಂಡು ಬಂದ ಮೇಲೆ ಅವಳು ಉಸಿರು ಬಿಟ್ಟು, "ಅಪ್ಪಾ, ಆ ಪಟ್ಟಿಗಳು ಮಿಕ್ಕಿವೆಯಾ?" ಅಂದಳು. "ಗಾಯ ಒಣಗಲಿ, ಹಾಕ್ಕೋತೀನಿ. ಮುಲಾಮು ಮಾತ್ರ ನಿಮ್ಮ ಹತ್ರಾನೇ ಇರಲಿ."

ಗಾಯ ಒಣಗಿದ ಮೇಲೆ ಅವ್ವ ಮಗಳು ಒಲೆಯ ಬಳಿ ಕೂತು ಪಟ್ಟಿಗಳನ್ನು ಮುಗಿಸಿದರು. ಅಂಗೈಯಲ್ಲಿ ಅಲ್ಲ, ಕಂಕುಳಲ್ಲಿ ಇಟ್ಟು ಬಿಸಿ ಮಾಡಿದರು. ಅದು ಅರ್ಸೆನಿಯೋಗೆ ಹೊಳೆದೇ ಇರಲಿಲ್ಲ.

ಮುಂದಿನ ಅಭ್ಯಾಸದ ದಿನ ಫಬ್ರಿಸಿಯಾನೋ ಅವಳ ನುಣುಪು ಕಾಲು ನೋಡಿ ಮುಗುಳ್ನಕ್ಕು, ರಸ್ತೆಯಾಚೆ ನಿಂತಿದ್ದ ಅರ್ಸೆನಿಯೋನ ಕಡೆ ಹೆಬ್ಬೆರಳು ಎತ್ತಿ ತೋರಿಸಿದ. ಕೊನೆಗೂ ಬುದ್ಧಿ ಬಂತಲ್ಲ ಅನ್ನುವ ಹಾಗೆ. ಅರ್ಸೆನಿಯೋಗೆ ರಕ್ತ ನೆತ್ತಿಗೇರಿತು. ಹೋಗಿ ಹೇಳಬೇಕು, ಇದು ನಿನಗೋಸ್ಕರ ಅಲ್ಲ ಕಣಯ್ಯಾ, ನಿನ್ನ ಕ್ಯಾಲೆಂಡರಿಗೂ ಅಲ್ಲ ಅಂತ. ರಸ್ತೆ ದಾಟಲು ಹೆಜ್ಜೆ ಎತ್ತಿದವನು ಅಲ್ಲೇ ನಿಂತ. ಅವಳು ಫೋಟೋಗೆಂದು ತೆಗೆದಿದ್ದರೂ ಕಾಲು ಕಾಣುತ್ತಿದ್ದದ್ದು ಹೀಗೇ. ಯಾಕೆ ತೆಗೆದಳು ಅನ್ನುವುದನ್ನು ಕಾಲಿನ ಮೇಲೆ ಎಲ್ಲಿ ಅಂತ ತೋರಿಸುವುದು?

ಯುರಾನಿ ಪೆಡಲು ತುಳಿದು ತಿರುವಿನಲ್ಲಿ ಮರೆಯಾದಳು. ಅವನು ಬಗ್ಗಿ ಬಲಗಾಲಿನ ಪ್ಯಾಂಟು ಎತ್ತಿ ನೋಡಿಕೊಂಡ. ಮೊಳಕೆ ಒಡೆದು ತುರಿಸುತ್ತಿತ್ತು.